ಫೋಟೋದಲ್ಲಿ ಬಣ್ಣದ ಓಕುಳಿ, ಟೆಲಿಸ್ಕೋಪಿನಲ್ಲಿ ಬೂದು ಮಚ್ಚೆ: ವೀಕ್ಷಣಾಲಯಕ್ಕೆ ಮತ್ತೆ ಹೋಗಬೇಕಾ?

ಓದುಗರೊಬ್ಬರ ಪ್ರಶ್ನೆ: ನನ್ನ ಮಗಳಿಗೆ 11 ವರ್ಷ, ಮಗನಿಗೆ 6. ಮಗಳಿಗೆ ಆಕಾಶ ಅಂದರೆ ಪ್ರಾಣ. ಕಳೆದ ವರ್ಷ ಒಂದು ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಸಾರ್ವಜನಿಕರಿಗೆ ಆಕಾಶ ತೋರಿಸುವ ಕಾರ್ಯಕ್ರಮ ಇತ್ತು, ಹೋಗಿದ್ದೆವು. ಒಂದು ಗಂಟೆಗಿಂತ ಜಾಸ್ತಿ ಸಾಲಿನಲ್ಲಿ ನಿಂತ ಮೇಲೆ ಆಂಡ್ರೊಮೆಡಾ ಗೆಲಾಕ್ಸಿ ಅಂತ ತೋರಿಸಿದ್ದು ಬೂದು ಬಣ್ಣದ ಒಂದು ಮಚ್ಚೆ. ಮಗಳು ವಾಪಸ್ ಬರುವಾಗ ಮಾತೇ ಆಡಲಿಲ್ಲ. ಮಗ "ಕಾಣ್ತು, ಕಾಣ್ತು" ಅಂದ, ಏನು ಕಂಡಿತು ಅಂತ ಕೇಳಿದರೆ ಉತ್ತರ ಇಲ್ಲ. ಈಗ ಮತ್ತೆ ಹೆಸರು ಕೊಟ್ಟಿದ್ದೇವೆ, ಹುಣ್ಣಿಮೆಯ ಹಿಂದಿನ ದಿನಕ್ಕೆ. ಆ ದಿನ ಬೆಳಕು ಚೆನ್ನಾಗಿರುತ್ತದೆ ಅಂತ ಒಬ್ಬರು ಹೇಳಿದರು. ಇನ್ನೊಬ್ಬರು, ಕಾಲೇಜಿನ ಟೆಲಿಸ್ಕೋಪೆಲ್ಲ ಹಳೇ ಕಾಲದ್ದು, ಊರೊಳಗಿಂದ ಏನೂ ಕಾಣಲ್ಲ, ಅದರ ಬದಲು 525 ಪಟ್ಟು ದೊಡ್ಡದು ಮಾಡುವ ಟೆಲಿಸ್ಕೋಪ್ ಮನೆಗೇ ತಂದುಬಿಡಿ ಅನ್ನುತ್ತಾರೆ. ಅತ್ತೆಗೆ, ಟೆಲಿಸ್ಕೋಪಿನಲ್ಲಿ ಚಂದ್ರನನ್ನು ನೋಡಿದರೆ ಮಕ್ಕಳ ಕಣ್ಣು ಹಾಳಾಗುತ್ತದೆ ಅನ್ನುವ ಭಯ. ಮಾವನಿಗೂ ಬರುವ ಆಸೆ, ಆದರೆ ಮಂಡಿ ನೋವು, ಕನ್ನಡಕ, ಪೊರೆಯ ಆಪರೇಷನ್ ಕೂಡ ಆಗಿದೆ. ಮತ್ತೆ ಹೋಗುವುದರಲ್ಲಿ ಅರ್ಥ ಇದೆಯಾ?

ಉತ್ತರ:

ಇದೆ. ಆದರೆ ಸಾಧ್ಯವಾದರೆ ದಿನ ಬದಲಾಯಿಸಿ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಆ ಬೂದು ಮಚ್ಚೆಯ ವಿಚಾರ ಮುಗಿಸೋಣ. ನಿಮ್ಮ ಪತ್ರದಲ್ಲಿ ಹತ್ತು ಪ್ರಶ್ನೆ ಇದ್ದರೂ ಬುಡದಲ್ಲಿರುವುದು ಒಂದೇ ಅನುಮಾನ. ಅವರು ತೋರಿಸಿದ್ದು ಸರಿಯಾಗಿತ್ತಾ, ಅಥವಾ ಟೆಲಿಸ್ಕೋಪೇ ಸರಿ ಇರಲಿಲ್ಲವಾ?

ಸರಿಯಾಗಿಯೇ ತೋರಿಸಿದ್ದಾರೆ. ವಿಶ್ವವಿದ್ಯಾಲಯದ ಟೆಲಿಸ್ಕೋಪಿನ ಪಕ್ಕ ನಿಂತು ಜನರಿಗೆ ಆಕಾಶ ತೋರಿಸುವುದು ನನ್ನ ಕೆಲಸದ ಒಂದು ಭಾಗ, ಹಾಗಾಗಿ ಆ ಮಚ್ಚೆಯನ್ನು ನೋಡಿದವರ ಮುಖ ಹೇಗಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಆಂಡ್ರೊಮೆಡಾ ಇರುವುದು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಅದರ ಬೆಳಕು ತುಂಬ ಅಗಲಕ್ಕೆ ಹರಡಿಕೊಂಡಿದೆ, ನಮ್ಮ ಆಕಾಶದಲ್ಲಿ ಅದರ ಉದ್ದ ಹುಣ್ಣಿಮೆ ಚಂದ್ರನ ಐದಾರು ಪಟ್ಟು. ಟೆಲಿಸ್ಕೋಪಿನಲ್ಲಿ ಕಾಣುವುದು ಅದರ ನಡುವಿನ ಹೊಳಪಿನ ಭಾಗ ಮಾತ್ರ. ಅಂಚಿನ ಸುರುಳಿ ತೋಳುಗಳು ಊರಿನ ದೀಪದ ಬೆಳಕಿನಲ್ಲಿ ಮುಳುಗಿ ಹೋಗಿರುತ್ತವೆ.

ಬಣ್ಣ ಯಾಕಿಲ್ಲ? ಅದು ಟೆಲಿಸ್ಕೋಪಿನ ದೋಷ ಅಲ್ಲ, ನಮ್ಮ ಕಣ್ಣು ಇರುವುದೇ ಹಾಗೆ. ಕಣ್ಣಿನ ಪರದೆಯಲ್ಲಿ ಎರಡು ಥರದ ಕೋಶಗಳಿವೆ. ಕೋನ್ ಕೋಶಗಳಿಗೆ ಬಣ್ಣ ಗೊತ್ತಾಗುತ್ತದೆ, ಆದರೆ ಅವಕ್ಕೆ ಸಾಕಷ್ಟು ಬೆಳಕು ಬೇಕು. ರಾಡ್ ಕೋಶಗಳು ತೀರಾ ಮಂದ ಬೆಳಕನ್ನೂ ಹಿಡಿಯುತ್ತವೆ, ಆದರೆ ಅವಕ್ಕೆ ಬಣ್ಣ ಗೊತ್ತಿಲ್ಲ. ಗೆಲಾಕ್ಸಿಯಂಥ ಮಂದ ವಸ್ತುವನ್ನು ನೋಡುವಾಗ ಕೆಲಸ ಮಾಡುವುದು ರಾಡ್ ಕೋಶಗಳು ಮಾತ್ರ. ಅದಕ್ಕೇ ಬೂದು. ಇನ್ನು ಕ್ಯಾಮೆರಾ ನಿಮಿಷಗಟ್ಟಲೆ, ಗಂಟೆಗಟ್ಟಲೆ ಬೆಳಕನ್ನು ಕೂಡಿಡುತ್ತಾ ಹೋಗುತ್ತದೆ. ಕಣ್ಣಿಗೆ ಆ ಸವಲತ್ತು ಇಲ್ಲ, ಅದು ಸೆಕೆಂಡಿಗಿಂತ ಕಡಿಮೆ ಹೊತ್ತಿನ ಬೆಳಕಿನಲ್ಲೇ ಚಿತ್ರ ಮಾಡಿ ಮುಂದಿನದಕ್ಕೆ ಹೋಗಿಬಿಡುತ್ತದೆ. ನಿಮ್ಮ ಮಗಳು ಪುಸ್ತಕದಲ್ಲಿ ನೋಡಿದ ಚಿತ್ರವೂ ಸುಳ್ಳಲ್ಲ, ಕಣ್ಣಿನಲ್ಲಿ ನೋಡಿದ್ದೂ ಸುಳ್ಳಲ್ಲ. ಇದನ್ನು ಯಾರಾದರೂ ಅವಳಿಗೆ ನೋಡುವ ಮೊದಲೇ ಹೇಳಬೇಕಿತ್ತು. ಉದ್ದ ಸಾಲು ಇದ್ದಾಗ ಇಂಥ ಮಾತೇ ಮೊದಲು ತಪ್ಪಿಹೋಗುತ್ತದೆ.

"ಇನ್ನೂ ದೊಡ್ಡ ಟೆಲಿಸ್ಕೋಪ್ ಆಗಿದ್ದರೆ ಬಣ್ಣ ಕಾಣುತ್ತಿತ್ತು" ಅನ್ನುವುದು ಬಹಳ ಜನರ ನಂಬಿಕೆ. ಪೂರ್ತಿ ಸರಿ ಅಲ್ಲ. ನಕ್ಷತ್ರದಂಥ ಚುಕ್ಕೆಯನ್ನು ದೊಡ್ಡ ಟೆಲಿಸ್ಕೋಪ್ ಖಂಡಿತ ಜಾಸ್ತಿ ಹೊಳೆಯುವಂತೆ ಮಾಡುತ್ತದೆ. ಆದರೆ ಹರಡಿಕೊಂಡಿರುವ ಗೆಲಾಕ್ಸಿ, ಜ್ಯೋತಿರ್ಮೇಘಗಳ (ಆಕಾಶದಲ್ಲಿ ಹರಡಿರುವ ಅನಿಲ, ಧೂಳಿನ ಮೋಡಗಳ) ಮೈಯ ಹೊಳಪನ್ನು ಯಾವ ಟೆಲಿಸ್ಕೋಪೂ ಬರಿಗಣ್ಣಿಗಿಂತ ಹೆಚ್ಚು ಮಾಡಲಾರದು, ದೊಡ್ಡದಾಗಿ ತೋರಿಸಬಹುದು ಅಷ್ಟೇ. ದೊಡ್ಡದಾದಾಗ ವಿವರ ಜಾಸ್ತಿ ಸಿಗುತ್ತದೆ, ಅದು ನಿಜ. ಒರೈಯನ್ ಜ್ಯೋತಿರ್ಮೇಘ ಮಾತ್ರ ಸ್ವಲ್ಪ ಬೇರೆ. ಅದು ಎಷ್ಟು ಹೊಳಪಾಗಿದೆ ಅಂದರೆ ದೊಡ್ಡ ಟೆಲಿಸ್ಕೋಪಿನಲ್ಲಿ ಕೆಲವರಿಗೆ ತೆಳು ಹಸಿರು ಕಾಣುತ್ತದೆ. ಫೋಟೋದ ಗಾಢ ಗುಲಾಬಿ ಬಣ್ಣ ಮಾತ್ರ ಸಾಮಾನ್ಯವಾಗಿ ಕಾಣುವುದಿಲ್ಲ.

ಹಾಗಾದರೆ ಬಣ್ಣ ಕಾಣುವುದು ಯಾವುದರಲ್ಲಿ? ನಕ್ಷತ್ರಗಳಲ್ಲಿ. ಆಲ್ಬಿರಿಯೊ ಅನ್ನುವ ಜೋಡಿ ನಕ್ಷತ್ರವನ್ನು ತೋರಿಸಿ ಅಂತ ಕೇಳಿ ನೋಡಿ. ಬರಿಗಣ್ಣಿಗೆ ಒಂದೇ ಚುಕ್ಕೆ. ಚಿಕ್ಕ ಟೆಲಿಸ್ಕೋಪಿನಲ್ಲೂ ಎರಡಾಗಿ ಒಡೆಯುತ್ತದೆ, ಒಂದು ಹೊನ್ನಿನ ಬಣ್ಣ, ಇನ್ನೊಂದು ನೀಲಿ. ಗೆಲಾಕ್ಸಿ ನೋಡಿ ಸುಮ್ಮನೆ ಹೋಗುವ ಮಕ್ಕಳು ಇಲ್ಲಿ ಇನ್ನೊಮ್ಮೆ ನೋಡಬೇಕು ಅಂತ ಸಾಲಿನ ಹಿಂದೆ ಹೋಗಿ ನಿಲ್ಲುತ್ತಾರೆ.

ಈಗ ದಿನದ ವಿಚಾರ. ಹುಣ್ಣಿಮೆ ದಿನ ಬೆಳಕು ಚೆನ್ನಾಗಿರುತ್ತದೆ ಅನ್ನುವುದು ನಿಜ, ತೊಂದರೆಯೇ ಅದು. ಮಂದವಾದದ್ದನ್ನೆಲ್ಲ ಚಂದ್ರನ ಬೆಳಕು ಅಳಿಸಿಹಾಕುತ್ತದೆ. ಹೋಗಲಿ, ಚಂದ್ರನನ್ನಾದರೂ ನೋಡೋಣ ಅಂದರೆ ಹುಣ್ಣಿಮೆಯ ಚಂದ್ರ ಟೆಲಿಸ್ಕೋಪಿನಲ್ಲಿ ಸಪ್ಪೆ. ಸೂರ್ಯನ ಬೆಳಕು ಆಗ ಅದರ ಮೇಲೆ ನೇರ ಬೀಳುತ್ತಿರುತ್ತದೆ, ಗುಳಿಗಳ ನೆರಳು ಎಲ್ಲೂ ಇರುವುದಿಲ್ಲ, ನೆರಳಿಲ್ಲದಿದ್ದರೆ ಗುಳಿಯ ಆಳವೂ ಕಾಣುವುದಿಲ್ಲ. ಅರ್ಧಚಂದ್ರ ಹಾಗಲ್ಲ. ಬೆಳಕು ಮತ್ತು ಕತ್ತಲು ಸೇರುವ ಗಡಿಯಲ್ಲಿ ಬೆಟ್ಟಗಳ ನೆರಳು ಉದ್ದಕ್ಕೆ ಚಾಚಿರುತ್ತದೆ, ಗುಳಿಯ ಅಂಚು ಹೊಳೆಯುತ್ತಿರುತ್ತದೆ, ಒಳಗೆಲ್ಲ ಕಪ್ಪು. ಒಂದೆರಡು ಗಂಟೆ ಬಿಟ್ಟು ಮತ್ತೆ ನೋಡಿದರೆ ಮೊದಲು ಕತ್ತಲಲ್ಲಿದ್ದ ಒಂದು ಶಿಖರಕ್ಕೆ ಬಿಸಿಲು ಬಂದಿರುತ್ತದೆ. ಅಲ್ಲಿ ಬೆಳಗಾಗುವುದನ್ನು ಇಲ್ಲಿಂದ ನೋಡಬಹುದು!

ಹಾಗಾಗಿ ಅಮಾವಾಸ್ಯೆ ಕಳೆದು ಐದರಿಂದ ಒಂಬತ್ತು ದಿನದ ಒಳಗೆ, ಅಂದರೆ ಅಷ್ಟಮಿಯ ಆಸುಪಾಸು ಒಂದು ಕಾರ್ಯಕ್ರಮ ಇದೆಯಾ ಅಂತ ಕೇಳಿ. ಮಕ್ಕಳ ಜೊತೆ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆಗ ಸಂಜೆ ಹೊತ್ತಿಗೆ ಚಂದ್ರ ಎತ್ತರದಲ್ಲೂ ಇರುತ್ತಾನೆ, ನಡುರಾತ್ರಿಯ ಸುಮಾರಿಗೆ ಮುಳುಗುತ್ತಾನೆ. ಮಗಳಿಗೆ ಗೆಲಾಕ್ಸಿಯೇ ಬೇಕು ಅಂದರೆ ಅಮಾವಾಸ್ಯೆಯ ಹತ್ತಿರದ ದಿನ ಬೇಕು, ಊರಿನ ದೀಪಗಳಿಂದ ದೂರದ ಜಾಗವೂ ಬೇಕು. ಒಂದೇ ರಾತ್ರಿ ಎರಡೂ ಸಿಗುವುದು ಕಷ್ಟ. ದಿನ ಬದಲಾಯಿಸಲು ಆಗಲೇ ಇಲ್ಲವಾ? ಪರವಾಗಿಲ್ಲ, ಹೋಗಿ. ಗ್ರಹಗಳು, ಜೋಡಿ ನಕ್ಷತ್ರಗಳು ಹುಣ್ಣಿಮೆ ಬೆಳಕಿಗೂ ಜಗ್ಗುವುದಿಲ್ಲ, ಊರಿನ ದೀಪಕ್ಕೂ ಜಗ್ಗುವುದಿಲ್ಲ. ಅವತ್ತು ಗೆಲಾಕ್ಸಿ ಕೇಳಬೇಡಿ, ಅಷ್ಟೇ.

ಊರೊಳಗಿಂದ ಏನೂ ಕಾಣಲ್ಲ ಅನ್ನುವವರಿಗೂ ಇದೇ ಉತ್ತರ. ಶನಿಯ ಬಳೆ ನೋಡಲು ಕಾಡಿಗೆ ಹೋಗಬೇಕಾಗಿಲ್ಲ, ಇಪ್ಪತ್ತೈದು ಮೂವತ್ತು ಪಟ್ಟು ದೊಡ್ಡದು ಮಾಡಿದರೆ ಬಳೆ ಇದೆ ಅಂತ ಗೊತ್ತಾಗಿಬಿಡುತ್ತದೆ. ಒಂದು ವಿಷಯ ನೆನಪಿರಲಿ. 2025ರ ಮಾರ್ಚಿನಲ್ಲಿ ಆ ಬಳೆಯ ಅಂಚು ನೇರ ನಮ್ಮ ಕಡೆಗಿತ್ತು, ಹೆಚ್ಚುಕಡಿಮೆ ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತದೆ. ಅದು ಈಗ ನಿಧಾನಕ್ಕೆ ತೆರೆದುಕೊಳ್ಳುತ್ತಾ, 2032ರ ಹೊತ್ತಿಗೆ ಪೂರ್ತಿ ಅಗಲವಾಗಿ ಕಾಣುತ್ತದೆ. ಬಳೆ ತೆಳ್ಳಗೆ ಕಂಡರೆ "ಚಿತ್ರದಲ್ಲಿ ಹೀಗಿರಲಿಲ್ಲ" ಅಂತ ಮಗಳು ಮತ್ತೆ ಮುಖ ಸಪ್ಪೆ ಮಾಡಿಕೊಳ್ಳಬಾರದಲ್ವಾ, ಅದಕ್ಕೆ ಹೇಳಿದೆ. ಶನಿಯಿಂದ ಬೆಳಕು ನಮ್ಮ ತನಕ ಬರಲು ಒಂದು ಗಂಟೆ ಹತ್ತು ನಿಮಿಷದಿಂದ ಒಂದೂವರೆ ಗಂಟೆ ಬೇಕು. ಸಾಲಿನಲ್ಲಿ ಬೇಜಾರು ಮಾಡಿಕೊಂಡ ಮಕ್ಕಳಿಗೆ ನಾನು ಇದನ್ನೇ ಹೇಳುವುದು: ನೀನು ಈಗ ನೋಡುವ ಬೆಳಕು ಅಲ್ಲಿಂದ ಹೊರಟಾಗ ನೀನಿನ್ನೂ ಈ ಸಾಲಿಗೆ ಬಂದೇ ಇರಲಿಲ್ಲ.

ಗುರು ಗ್ರಹ ಇದ್ದರೆ ಇನ್ನೂ ಒಳ್ಳೆಯದು. ಗೆಲಿಲಿಯೊ 1610ರ ಜನವರಿಯಲ್ಲಿ ನೋಡಿದ ನಾಲ್ಕು ಚಂದ್ರರು ಒಂದು ಗೆರೆಯ ಮೇಲಿದ್ದಂತೆ ಕಾಣುತ್ತಾರೆ (ಒಮ್ಮೊಮ್ಮೆ ಮೂರೇ, ಒಂದು ಗುರುವಿನ ಹಿಂದೋ ಮುಂದೋ ಇರುತ್ತದೆ). ಮಗಳ ಕೈಗೆ ಪೆನ್ಸಿಲ್, ಕಾಗದ ಕೊಟ್ಟಿರಿ. ಬಂದ ತಕ್ಷಣ ಒಮ್ಮೆ, ಹೊರಡುವ ಮುಂಚೆ ಒಮ್ಮೆ ಅವುಗಳ ಜಾಗ ಗುರುತು ಮಾಡಿಕೊಳ್ಳಲಿ. ಒಳಗಿನ ಚಂದ್ರ ಅಯೋ ಎರಡು ದಿನಕ್ಕಿಂತ ಕಡಿಮೆ ಹೊತ್ತಿನಲ್ಲಿ ಗುರುವನ್ನು ಒಂದು ಸುತ್ತು ಹಾಕುತ್ತದೆ, ಎರಡು ಗಂಟೆಯಲ್ಲಿ ಅದು ಜರುಗಿರುವುದು ಗೊತ್ತಾಗುತ್ತದೆ. ಭೂಮಿಯನ್ನು ಬಿಟ್ಟು ಬೇರೆಯದನ್ನೂ ಸುತ್ತುವ ವಸ್ತುಗಳಿವೆ ಅನ್ನುವುದನ್ನು ಅವಳೇ ಕಂಡುಹಿಡಿದ ಹಾಗಾಯಿತು.

ಇನ್ನೊಂದು ತಪ್ಪು ತಿಳಿವಳಿಕೆ: ಆಕಾಶ ಫಳಫಳ ಅಂತಿದ್ದರೆ, ನಕ್ಷತ್ರ ಮಿಣಮಿಣ ಅಂದರೆ ಒಳ್ಳೆಯ ರಾತ್ರಿ ಅಂತ. ಮಿಣುಕುವುದು ನಕ್ಷತ್ರ ಅಲ್ಲ, ನಡುವೆ ಕದಡುತ್ತಿರುವ ಗಾಳಿ. ಆ ಗಾಳಿಯ ಮೂಲಕ ಗ್ರಹವನ್ನು ನೋಡುವುದು, ಹರಿಯುವ ನೀರಿನ ತಳದಲ್ಲಿ ಬಿದ್ದ ನಾಣ್ಯವನ್ನು ನೋಡಿದ ಹಾಗೆ. ಸ್ವಲ್ಪ ಮಬ್ಬು ಮಬ್ಬಾಗಿ, ಗಾಳಿಯಾಡದೆ ಇರುವ ರಾತ್ರಿಯಲ್ಲಿ ಗ್ರಹಗಳು ಎಷ್ಟೋ ಸಲ ಸ್ಪಷ್ಟವಾಗಿ ಕಾಣುತ್ತವೆ. ಡೋಮ್ (ಟೆಲಿಸ್ಕೋಪ್ ಇರುವ ಗುಮ್ಮಟ) ಒಳಗೆ ಬಿಸಿ ಮಾಡದೆ ಹೊರಗಿನಷ್ಟೇ ತಣ್ಣಗೆ ಬಿಟ್ಟಿರುವುದೂ ಇದಕ್ಕೇ. ಒಳಗೆ ಬೆಚ್ಚಗಿದ್ದರೆ ಆ ಬಿಸಿ ಗಾಳಿ ತೆರೆದ ಕಿಂಡಿಯಿಂದ ಮೇಲೇರುವಾಗ ಚಿತ್ರವನ್ನು ಕದಡುತ್ತದೆ. ಅಲ್ಲಿ ಅಲುಗಾಡದೆ ನಿಂತಿರಬೇಕಾಗುತ್ತದೆ, ಆದ್ದರಿಂದ ಅವತ್ತಿನ ಹವೆಗೆ ಬೇಕು ಅನಿಸಿದ್ದಕ್ಕಿಂತ ಒಂದು ಪದರ ಜಾಸ್ತಿ ಬಟ್ಟೆ ಹಾಕಿಸಿ.

ನಿಮ್ಮ ಸಮಸ್ಯೆಯ ಅರ್ಧ ಭಾಗ ಐಪೀಸಿನ (ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಲೆನ್ಸಿನ) ಮುಂದೆ ನಿಲ್ಲುವ ರೀತಿಯಲ್ಲೇ ಇದೆ ಅಂತ ನನ್ನ ಅಂದಾಜು. ನಿಮ್ಮ ಮಗ "ಕಾಣ್ತು" ಅಂದನಲ್ಲ, ಅವನಿಗೆ ಬಹುಶಃ ಏನೂ ಕಂಡಿಲ್ಲ. ಹಿಂದೆ ಜನ ಕಾಯುತ್ತಿದ್ದಾರೆ, ಎಲ್ಲರೂ ಚೆನ್ನಾಗಿದೆ ಅಂದಿದ್ದಾರೆ, ಇಲ್ಲ ಅನ್ನುವುದು ಹೇಗೆ? ದೊಡ್ಡವರೂ ಹೀಗೇ ಮರ್ಯಾದೆಗೆ "ಸೂಪರ್" ಅಂದು ಇಳಿದು ಹೋಗುತ್ತಾರೆ. ಐಪೀಸಿನಿಂದ ಹೊರಬರುವ ಬೆಳಕಿನ ಕಡ್ಡಿ ಕೆಲವೇ ಮಿಲಿಮೀಟರ್ ಅಗಲ, ಕಣ್ಣು ಸರಿಯಾಗಿ ಅದರ ನೇರಕ್ಕೆ ಬರದಿದ್ದರೆ ಕಾಣುವುದು ಬರೀ ಕಪ್ಪು. ತಲೆಯನ್ನು ಸ್ವಲ್ಪ ಹಿಂದೆ ಇಟ್ಟು ನೋಡಲು ಹೇಳಿ, ಪುಟ್ಟ ಬೆಳಕಿನ ಚುಕ್ಕಿ ಕಂಡ ಮೇಲೆ ಅದನ್ನು ಬಿಡದೆ ನಿಧಾನಕ್ಕೆ ಮುಂದೆ ಬರಲಿ. ಆರು ವರ್ಷದ ಎಷ್ಟೋ ಮಕ್ಕಳಿಗೆ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ, ಇನ್ನೊಂದು ಕಣ್ಣಿಗೆ ನೀವೇ ಅಂಗೈ ಅಡ್ಡ ಹಿಡಿಯಿರಿ. ಕೈ ಎರಡೂ ಬೆನ್ನ ಹಿಂದೆ ಇರಲಿ. ಹಿಡಿದುಕೊಳ್ಳಲು ಐಪೀಸಿಗೇ ಕೈ ಹಾಕಿದರೆ ಶನಿ ಎಲ್ಲೋ ಹೋಗಿರುತ್ತದೆ, ಅದನ್ನು ಮತ್ತೆ ಹುಡುಕುವ ತನಕ ಸಾಲು ಪೂರ್ತಿ ಕಾಯಬೇಕು. "ಕಾಣ್ತಾ?" ಅಂತ ಕೇಳಬೇಡಿ, "ಹೇಗಿದೆ, ಏನಿದೆ ಪಕ್ಕದಲ್ಲಿ?" ಅಂತ ಕೇಳಿ. ಆಗ ನಿಜ ಗೊತ್ತಾಗುತ್ತದೆ. ಅವನು ಕಪ್ಪು ಅಂದರೆ ನಿಲ್ಲಿಸಿ, ನಾವು ಸರಿ ಮಾಡಿಕೊಡುತ್ತೇವೆ, ಸಂಕೋಚವೇ ಬೇಡ. ಮಂಜು ಮಂಜಾಗಿದ್ದರೂ ಹೇಳಿ, ಫೋಕಸ್ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಥರ.

ಮಂದ ವಸ್ತುವಿಗೆ ಇನ್ನೊಂದು ಉಪಾಯ ಇದೆ. ನೇರ ನೋಡಬಾರದು, ಅದರ ಸ್ವಲ್ಪ ಪಕ್ಕಕ್ಕೆ ನೋಡಬೇಕು. ಕಣ್ಣಿನ ಪರದೆಯ ನಟ್ಟನಡುವೆ ರಾಡ್ ಕೋಶಗಳೇ ಇಲ್ಲ, ಅವು ಇರುವುದು ಸುತ್ತಮುತ್ತ. ಹಾಗಾಗಿ ಪಕ್ಕಕ್ಕೆ ನೋಡಿದಾಗ ಮಚ್ಚೆ ಇದ್ದಕ್ಕಿದ್ದಂತೆ ಅಗಲವಾಗುತ್ತದೆ. ಹನ್ನೊಂದು ವರ್ಷದ ಹುಡುಗಿಗೆ ಇದನ್ನು ಕಲಿಸಿದರೆ ಅದೇ ಒಂದು ಆಟ. ಜೊತೆಗೆ ಐದು ಸೆಕೆಂಡ್ ನೋಡಿ ಬಿಡಬಾರದು, ಒಂದರ್ಧ ನಿಮಿಷವಾದರೂ ನೋಡಬೇಕು, ಗಾಳಿ ಒಂದು ಕ್ಷಣ ನಿಂತಾಗ ವಿವರ ಮಿಂಚಿ ಹೋಗುತ್ತದೆ.

ಸಾಲಿರುವಾಗ ಅರ್ಧ ನಿಮಿಷ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಆಗ ಆಕಾಶ ಇನ್ನೂ ಪೂರ್ತಿ ಕತ್ತಲಾಗಿರುವುದಿಲ್ಲ, ಟೆಲಿಸ್ಕೋಪಿನ ಕನ್ನಡಿ ಹಗಲಿನ ಬಿಸಿ ಬಿಟ್ಟಿರುವುದಿಲ್ಲ. ಒಂದು ಸುತ್ತು ನೋಡಿ ಜನ ಹೊರಟುಬಿಡುತ್ತಾರೆ. ಕೊನೆಯ ಅರ್ಧ ಗಂಟೆ ಡೋಮ್ ಹೆಚ್ಚುಕಡಿಮೆ ಖಾಲಿ. ಮಕ್ಕಳಿಗೆ ಮಧ್ಯಾಹ್ನ ಒಂದು ನಿದ್ದೆ ಮಾಡಿಸಿ ತಡವಾಗಿ ಬನ್ನಿ, ಅಥವಾ ಕೊನೆ ತನಕ ಇರಿ. ಆ ಹೊತ್ತಿನಲ್ಲಿ ನಮಗೂ ಪುರುಸೊತ್ತು, ಕೇಳಿದ್ದನ್ನು ತೋರಿಸುತ್ತೇವೆ, ಪಟ್ಟಿಯಲ್ಲಿ ಇಲ್ಲದ್ದನ್ನೂ ತೋರಿಸುತ್ತೇವೆ. ಒಂದು ಎಚ್ಚರಿಕೆ: ಪ್ರವೇಶಕ್ಕೆ ಕೊನೆಯ ಸಮಯ ಇರುವ ಕಡೆ ಅದನ್ನು ಮೊದಲೇ ತಿಳಿದುಕೊಳ್ಳಿ.

ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅದು ಕೆಡಲು ಒಂದು ಮೊಬೈಲ್ ಪರದೆ ಸಾಕು, ನಿಮ್ಮದು ಮಾತ್ರ ಅಲ್ಲ, ಪಕ್ಕದವರ ಕಣ್ಣೂ ಕೆಡುತ್ತದೆ. ಅಲ್ಲಿ ಕೆಂಪು ದೀಪ ಇಟ್ಟಿರುವುದು ಇದಕ್ಕೆ, ಕೆಂಪು ಬೆಳಕಿಗೆ ರಾಡ್ ಕೋಶಗಳು ಅಷ್ಟಾಗಿ ಬೆಚ್ಚುವುದಿಲ್ಲ. ಮಗನಿಗೆ ಹೆಜ್ಜೆ ಇಟ್ಟಾಗ ದೀಪ ಮಿನುಗುವ ಶೂ ಇದ್ದರೆ ದಯವಿಟ್ಟು ಅದನ್ನು ಮನೆಯಲ್ಲೇ ಬಿಡಿ. ಫೋಟೋ ಬೇಕಾದರೆ ಚಂದ್ರನದ್ದು ತೆಗೆಯಬಹುದು, ಫ್ಲ್ಯಾಶ್ ಆಫ್ ಮಾಡಿ, ಕೇಳಿ, ಮೊಬೈಲನ್ನು ಐಪೀಸಿನ ಹತ್ತಿರ ಹಿಡಿದರೆ ಚೆನ್ನಾಗೇ ಬರುತ್ತದೆ. ಗೆಲಾಕ್ಸಿಗೆ ಆ ಪ್ರಯತ್ನ ಬೇಡ.

ಮಾವನ ವಿಚಾರಕ್ಕೆ ಬರೋಣ. ಹಳೆಯ ಡೋಮುಗಳಲ್ಲಿ ಸುರುಳಿ ಮೆಟ್ಟಿಲು ಇರುವುದು ಸಾಮಾನ್ಯ. ಅದನ್ನು ಹತ್ತಿದ ಮೇಲೂ ಟೆಲಿಸ್ಕೋಪ್ ಯಾವ ಕಡೆ ತಿರುಗಿದೆ ಅನ್ನುವುದರ ಮೇಲೆ ಐಪೀಸಿನ ಎತ್ತರ ಬದಲಾಗುತ್ತದೆ, ಕತ್ತಲಲ್ಲಿ ಏಣಿ ಹತ್ತಬೇಕಾಗಬಹುದು. ಮಂಡಿ ನೋವಿನವರಿಗೆ ಇದು ಸಣ್ಣ ಅಪಾಯ ಅಲ್ಲ, ಸುಮ್ನೆ ಧೈರ್ಯ ಹೇಳಿ ಹತ್ತಿಸಬೇಡಿ. ಮೊದಲೇ ಫೋನ್ ಮಾಡಿ ಎರಡು ವಿಷಯ ಕೇಳಿ: ನೆಲದ ಮೇಲೆ ಚಿಕ್ಕ ಟೆಲಿಸ್ಕೋಪ್ ಇಡುತ್ತೀರಾ, ಕ್ಯಾಮೆರಾ ಹಾಕಿ ಪರದೆಯ ಮೇಲೆ ತೋರಿಸುವ ವ್ಯವಸ್ಥೆ ಇದೆಯಾ. ಬಹಳ ಕಡೆ ಎರಡರಲ್ಲಿ ಒಂದು ಇರುತ್ತದೆ. ಅವರ ಕನ್ನಡಕ ಬರೀ ದೂರದೃಷ್ಟಿ, ಸಮೀಪದೃಷ್ಟಿಗೆ ಆಗಿದ್ದರೆ ತೆಗೆದು ನೋಡಬಹುದು, ಫೋಕಸ್ ತಿರುಗಿಸಿದರೆ ಸಾಕು. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ) ಜಾಸ್ತಿ ಇದ್ದರೆ ಹಾಕಿಕೊಂಡೇ ನೋಡುವುದು ಒಳ್ಳೆಯದು, ಅದನ್ನು ಫೋಕಸ್ ಸರಿ ಮಾಡಲಾರದು. ಪೊರೆ ತೆಗೆಸಿಕೊಂಡವರಿಗೆ ಒಂದು ಲಾಭವೂ ಇದೆ. ವಯಸ್ಸಾದಂತೆ ನಮ್ಮ ಕಣ್ಣಿನ ಲೆನ್ಸ್ ಹಳದಿಯಾಗುತ್ತಾ ನೀಲಿ ಬೆಳಕನ್ನು ತಡೆಯುತ್ತದೆ. ಅದರ ಜಾಗಕ್ಕೆ ಹೊಸ ಲೆನ್ಸ್ ಬಂದ ಮೇಲೆ ಕೆಲವರಿಗೆ ನೀಲಿ ನಕ್ಷತ್ರಗಳು ಮೊದಲಿಗಿಂತ ನೀಲಿಯಾಗಿ ಕಾಣುತ್ತವೆ. ಆಲ್ಬಿರಿಯೊವನ್ನು ಅವರಿಗೂ ತೋರಿಸಿ.

ಅತ್ತೆಗೆ ಹೇಳಿ, ಚಂದ್ರನಿಂದ ಕಣ್ಣಿಗೆ ಅಪಾಯ ಇಲ್ಲ. ದೊಡ್ಡ ಟೆಲಿಸ್ಕೋಪಿನಲ್ಲಿ ಕಣ್ಣು ಕುಕ್ಕುತ್ತದೆ, ಒಂದು ನಿಮಿಷ ಆ ಕಣ್ಣಿಗೆ ಕತ್ತಲು ಕವಿದಂತೆ ಇರುತ್ತದೆ, ಆಮೇಲೆ ಸರಿಹೋಗುತ್ತದೆ. ಅವರ ಭಯ ಪೂರ್ತಿ ಆಧಾರವಿಲ್ಲದ್ದೂ ಅಲ್ಲ, ಅದು ಸೂರ್ಯನಿಗೆ ಅನ್ವಯಿಸುತ್ತದೆ. ಟೆಲಿಸ್ಕೋಪಿನ ಮುಂಭಾಗಕ್ಕೆ ಸರಿಯಾದ ಸೌರ ಫಿಲ್ಟರ್ ಇಲ್ಲದೆ ಸೂರ್ಯನನ್ನು ನೋಡಿದರೆ ಕಣ್ಣು ಶಾಶ್ವತವಾಗಿ ಹೋಗಬಹುದು, ನೋವೂ ಗೊತ್ತಾಗುವುದಿಲ್ಲ. ಐಪೀಸಿಗೆ ತಿರುಗಿಸಿ ಹಾಕುವ ಸಣ್ಣ ಸೌರ ಫಿಲ್ಟರ್ ಇನ್ನೂ ಕೆಟ್ಟದು, ಕೂಡಿಬಂದ ಬಿಸಿಗೆ ಅದು ಬಿರುಕು ಬಿಡುತ್ತದೆ. ವೀಕ್ಷಣಾಲಯದವರು ಹಗಲಲ್ಲಿ ಸೂರ್ಯನನ್ನು ತೋರಿಸುವ ಕಾರ್ಯಕ್ರಮ ಇಟ್ಟರೆ ಧಾರಾಳವಾಗಿ ಹೋಗಿ, ಅಲ್ಲಿ ಸರಿಯಾದ ಸಲಕರಣೆ ಇರುತ್ತದೆ. ಸೂರ್ಯನ ಕಲೆಗಳನ್ನು ನೋಡಲು ಮಕ್ಕಳು ನಿದ್ದೆಗೆಡಬೇಕಾಗಿಯೂ ಇಲ್ಲ.

ಹಳೇ ಟೆಲಿಸ್ಕೋಪ್ ಅನ್ನುವ ಮಾತಿಗೆ ನನಗೆ ಸ್ವಲ್ಪ ಕೋಪವೇ ಬರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಕ್ ವೀಕ್ಷಣಾಲಯದಲ್ಲಿ 1888ರ 36 ಇಂಚಿನ ಟೆಲಿಸ್ಕೋಪ್ ಇದೆ. ಅದರಲ್ಲೇ ಬರ್ನಾರ್ಡ್ ಅನ್ನುವ ಖಗೋಳ ವಿಜ್ಞಾನಿ 1892ರಲ್ಲಿ ಗುರುವಿನ ಐದನೇ ಚಂದ್ರ ಅಮಾಲ್ಥಿಯಾವನ್ನು ಬರೀ ಕಣ್ಣಿಟ್ಟು ನೋಡಿ ಕಂಡುಹಿಡಿದದ್ದು. (ಅದನ್ನು ಕಟ್ಟಲು ಹಣ ಕೊಟ್ಟ ಜೇಮ್ಸ್ ಲಿಕ್ ಅವರ ಸಮಾಧಿ ಇರುವುದೂ ಆ ಟೆಲಿಸ್ಕೋಪಿನ ಕಂಬದ ಕೆಳಗೇ.) ಲೆನ್ಸಿಗೆ ವಯಸ್ಸಾದರೆ ಏನೂ ಆಗುವುದಿಲ್ಲ, ಚೆನ್ನಾಗಿ ನೋಡಿಕೊಂಡರೆ ಸಾಕು. ಮಜಾ ಏನೆಂದರೆ ಇವತ್ತಿನ ದೊಡ್ಡ ಸಂಶೋಧನಾ ಟೆಲಿಸ್ಕೋಪುಗಳಲ್ಲಿ ಕಣ್ಣಿಟ್ಟು ನೋಡಲು ಐಪೀಸೇ ಇರುವುದಿಲ್ಲ. ಬೆಳಕು ಕ್ಯಾಮೆರಾಕ್ಕೆ ಹೋಗುತ್ತದೆ, ವಿಜ್ಞಾನಿ ಬೇರೆ ಕೋಣೆಯಲ್ಲೋ ಬೇರೆ ಖಂಡದಲ್ಲೋ ಪರದೆಯ ಮುಂದೆ ಕೂತಿರುತ್ತಾರೆ. ನೀವು ಅಲ್ಲಿಗೆ ಹೋದರೆ ಹಗಲಲ್ಲಿ ಯಂತ್ರ ನೋಡಿ ಬರಬಹುದು, ಅಷ್ಟೇ. ಕಣ್ಣಿಟ್ಟು ನೋಡಲು ಸಿಗುವುದು ಪಾಠ ಹೇಳಲು ಇಟ್ಟುಕೊಂಡಿರುವ ವಿಶ್ವವಿದ್ಯಾಲಯದ ಟೆಲಿಸ್ಕೋಪಿನಲ್ಲೇ.

ಪಾಠದ ಟೆಲಿಸ್ಕೋಪ್ ಅಂತ ಹಗುರವಾಗಿ ನೋಡಬೇಕಾಗಿಲ್ಲ. 2014ರ ಜನವರಿ 21ರಂದು ಲಂಡನ್ ನಗರದೊಳಗೇ ಇರುವ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಒಬ್ಬ ಮೇಷ್ಟ್ರು ಪದವಿ ವಿದ್ಯಾರ್ಥಿಗಳಿಗೆ 35 ಸೆಂಟಿಮೀಟರ್ ಟೆಲಿಸ್ಕೋಪ್ ಬಳಸುವುದನ್ನು ತೋರಿಸುತ್ತಿದ್ದರು. ಮೋಡ ಮುಚ್ಚುತ್ತಾ ಬರುತ್ತಿತ್ತು, ಇರುವಷ್ಟು ಹೊತ್ತಿನಲ್ಲಿ ಯಾವುದಾದರೂ ಹೊಳಪಿನ ಗೆಲಾಕ್ಸಿ ತೋರಿಸೋಣ ಅಂತ ಎಂ82ರ ಕಡೆ ತಿರುಗಿಸಿದರೆ ಅಲ್ಲಿ ಮೊದಲಿಲ್ಲದ ಒಂದು ನಕ್ಷತ್ರ! ಸುಮಾರು 1 ಕೋಟಿ 20 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಸಿಡಿದ ನಕ್ಷತ್ರ, ಅಂದರೆ ಸೂಪರ್‌ನೋವಾ, ಆಮೇಲೆ ಜಗತ್ತಿನ ದೊಡ್ಡ ದೊಡ್ಡ ಟೆಲಿಸ್ಕೋಪುಗಳೆಲ್ಲ ಅದರ ಕಡೆ ತಿರುಗಿದವು. ಈ ಕಥೆಯನ್ನು ಮಗಳಿಗೆ ಹೇಳಿ.

ಮೋಡ ಬಂದರೆ ಕಾರ್ಯಕ್ರಮ ರದ್ದಾಗುತ್ತದೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಹೊರಡುವ ಮೊದಲು ಒಮ್ಮೆ ವಿಚಾರಿಸಿ, ಮಕ್ಕಳಿಗೂ ಹೀಗಾಗಬಹುದು ಅಂತ ಮೊದಲೇ ಹೇಳಿಡಿ. ಕೆಲವು ಕಡೆ ಮೋಡವಿದ್ದರೂ ಉಪನ್ಯಾಸ, ಡೋಮ್ ಒಳಗೆ ಸುತ್ತು ಇರುತ್ತದೆ. ನನ್ನನ್ನು ಕೇಳಿದರೆ ಮಗಳಂಥವರು ಅವತ್ತೂ ಹೋಗಬೇಕು. ಜನ ಕಡಿಮೆ, ಟೆಲಿಸ್ಕೋಪ್ ಹೇಗೆ ಭೂಮಿಯ ತಿರುಗುವಿಕೆಗೆ ಸರಿಯಾಗಿ ಹಿಂದಕ್ಕೆ ತಿರುಗುತ್ತಾ ನಕ್ಷತ್ರವನ್ನು ಹಿಡಿದಿಡುತ್ತದೆ, ಕನ್ನಡಿಯನ್ನು ಹೇಗೆ ತೊಳೆಯುತ್ತಾರೆ, ಇದೆಲ್ಲ ಸಮಾಧಾನವಾಗಿ ಕೇಳಬಹುದು. ಪ್ರಶ್ನೆ ಕೇಳುವವರು ಬಂದರೆ ನಮಗೆ ಖುಷಿ. ಟೆಲಿಸ್ಕೋಪಿನ ಪಕ್ಕ ನಿಂತಿರುವವರು ಹೆಚ್ಚಾಗಿ ಅಲ್ಲಿ ಓದುತ್ತಿರುವ ವಿದ್ಯಾರ್ಥಿಗಳು, "ನೀವು ಏನು ಓದ್ತಿದ್ದೀರಿ, ಇದಕ್ಕೆ ಹೇಗೆ ಬಂದಿರಿ" ಅಂತ ಮಗಳು ಕೇಳಿದರೆ ಯಾವ ಪುಸ್ತಕದಲ್ಲೂ ಸಿಗದ ಉತ್ತರ ಸಿಗುತ್ತದೆ. ಮನೆಯಲ್ಲಿ ಮಾಡಲು ಏನಾದರೂ ಬೇಕು ಅಂದರೆ 2007ರಲ್ಲಿ ಶುರುವಾದ ಗೆಲಾಕ್ಸಿ ಝೂ ಇದೆ, ಚಿತ್ರ ನೋಡಿ ಗೆಲಾಕ್ಸಿಯ ಆಕಾರ ಗುರುತಿಸುವ ಕೆಲಸ, ಜನಸಾಮಾನ್ಯರೇ ಮಾಡುವುದು. ಅದರಲ್ಲಿ ಹನಿ ವಾನ್ ಆರ್ಕೆಲ್ ಅನ್ನುವ ಡಚ್ ಶಾಲಾ ಶಿಕ್ಷಕಿ ಯಾರೂ ನೋಡಿರದ ಒಂದು ಅನಿಲದ ಮೋಡವನ್ನು ಕಂಡುಹಿಡಿದರು. ನೀವು ಪಕ್ಕದಲ್ಲಿ ಕೂತರೆ ಹನ್ನೊಂದು ವರ್ಷಕ್ಕೆ ಇದು ಆಗುತ್ತದೆ.

ಉಳಿದದ್ದು ಆ 525 ಪಟ್ಟಿನ ಟೆಲಿಸ್ಕೋಪ್. ಡಬ್ಬಿಯ ಮೇಲೆ ಮೊದಲು ದೊಡ್ಡದು ಮಾಡುವ ಲೆಕ್ಕವನ್ನೇ ಬರೆದಿದ್ದರೆ ಅದನ್ನು ಅಲ್ಲೇ ಇಟ್ಟು ಬನ್ನಿ. ಲೆನ್ಸ್ ಅಥವಾ ಕನ್ನಡಿಯ ಅಗಲ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡು ಪಟ್ಟು, ಅಷ್ಟೇ ಉಪಯೋಗಕ್ಕೆ ಬರುವುದು. 60 ಮಿಲಿಮೀಟರ್ ಲೆನ್ಸಿಗೆ 120 ಪಟ್ಟು. ಅದಕ್ಕಿಂತ ಮೇಲೆ ಹೋದರೆ ದೊಡ್ಡದಾಗುವುದು ಮಬ್ಬು ಮಾತ್ರ. ಅದಕ್ಕಿಂತ ದೊಡ್ಡ ತೊಂದರೆ ಅದರ ಸ್ಟ್ಯಾಂಡ್. ಮುಟ್ಟಿದರೆ ನಡುಗುವ ಸ್ಟ್ಯಾಂಡಿನ ಮೇಲೆ ಶನಿಯನ್ನು ಹುಡುಕಿ ಹುಡುಕಿ ಸಾಕಾಗಿ ಟೆಲಿಸ್ಕೋಪನ್ನು ಅಟ್ಟಕ್ಕೆ ಹಾಕಿದ ಮನೆಗಳು ಬೇಕಾದಷ್ಟಿವೆ. ಈಗಲೇ ಏನಾದರೂ ಕೊಳ್ಳಬೇಕು ಅಂತಿದ್ದರೆ 7x50 ಅಥವಾ 10x50 ಬೈನಾಕ್ಯುಲರ್ ತೆಗೆದುಕೊಳ್ಳಿ (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು, ಎರಡನೆಯದು ಲೆನ್ಸಿನ ಅಗಲ ಎಷ್ಟು ಮಿಲಿಮೀಟರ್ ಅನ್ನುವುದು). ಗೋಡೆಗೆ ಒರಗಿ ಅಲುಗಾಡದಂತೆ ಹಿಡಿದರೆ ಗುರುವಿನ ಚಂದ್ರರು ಕಾಣುತ್ತಾರೆ, ಕೃತ್ತಿಕೆಯಂತೂ ಟೆಲಿಸ್ಕೋಪಿಗಿಂತ ಅದರಲ್ಲೇ ಚೆಂದ, ಮಾವನೂ ಕುರ್ಚಿಯಲ್ಲಿ ಕೂತು ನೋಡಬಹುದು. ಹಗಲಲ್ಲಿ ಮಕ್ಕಳು ಅದನ್ನು ಸೂರ್ಯನ ಕಡೆ ತಿರುಗಿಸದಂತೆ ಎತ್ತಿಡಿ. ಟೆಲಿಸ್ಕೋಪ್ ಬೇಕೇ ಬೇಕು ಅಂದರೆ ಮೊದಲು ವೀಕ್ಷಣಾಲಯಕ್ಕೆ ಎರಡು ಮೂರು ಸಲ ಹೋಗಿ ಬನ್ನಿ. ಅಲ್ಲಿ ಹವ್ಯಾಸಿಗಳು ತಮ್ಮ ತಮ್ಮ ಟೆಲಿಸ್ಕೋಪ್ ತಂದು ಅಂಗಳದಲ್ಲಿ ಇಟ್ಟಿರುತ್ತಾರೆ. ಒಂದೊಂದರಲ್ಲೂ ನೋಡಿ, ಎತ್ತಿ ನೋಡಿ ಎಷ್ಟು ಭಾರ ಇದೆ ಅಂತ, ಜೋಡಿಸಲು ಎಷ್ಟು ಹೊತ್ತು ಬೇಕಾಯಿತು ಅಂತ ಕೇಳಿ. ಮಗಳೇ ಒಂದು ವಸ್ತುವನ್ನು ಹುಡುಕಿ ತೋರಿಸುವ ತನಕ ಹಣ ಬಿಚ್ಚಬೇಡಿ.